ಬಾವಿಯ ನೀರು, ಕೊನೆಯ ಲೋಕಲ್

ಖಡಕಿ ದಾಟಿ ಮುಳಾ ನದಿಯ ಸೇತುವೆ ಬರುತ್ತಿದ್ದಂತೆ ಪಕ್ಕದ ಹಳಿಯ ಮೇಲೆ ಪುಣೆ ಕಡೆ ಹೋಗುವ ಲೋಕಲ್ ಎದುರಾಗುತ್ತದೆ. ನಾನು ಕಿಟಕಿಗೆ ಮುಖ ಹಚ್ಚಿ ಆ ಗಾಡಿಯ ಹೆಂಗಸರ ಡಬ್ಬಿಯನ್ನೇ ಹುಡುಕುತ್ತೇನೆ. ಬಾಗಿಲ ಕಂಬ ಹಿಡಿದು ನಿಂತ ಇಬ್ಬರು ಹುಡುಗಿಯರು. ಅವರ ಹಿಂದೆ ಒದ್ದೆ ಕೊಡೆಗಳ ಸಾಲು. ಒಬ್ಬಾಕೆ ನಿಂತಲ್ಲೇ ಜಡೆ ಹೆಣೆದುಕೊಳ್ಳುತ್ತಿದ್ದಾಳೆ. ಮೂವರು ಕೂರುವ ಜಾಗದಲ್ಲಿ ನಾಲ್ಕನೆಯವಳು ಅರ್ಧ ಕೂತಿದ್ದಾಳೆ. ಬಾಗಿಲ ಮೂಲೆಯಲ್ಲಿ ಮೆಂತ್ಯ ಸೊಪ್ಪಿನ ದೊಡ್ಡ ಗಂಟು. ಇಷ್ಟು ಕಾಣುವಷ್ಟರಲ್ಲಿ ಗಾಡಿ ಹೋಗಿಬಿಡುತ್ತದೆ. ಇವತ್ತು ನಾವು ಹೊರಟಿರುವುದು ಕಾಮಶೇತದ ಆಚೆ ಒಂದು ತುಂಡು ಹೊಲ ನೋಡಲಿಕ್ಕೆ. ನನ್ನ ಪಾಲಿಗೆ ಮೊದಲು ನೋಡಬೇಕಾದದ್ದು ಆ ಡಬ್ಬಿ. ಹಳ್ಳಿಗೆ ಹೋಗಿ ನೆಲೆಸಿದರೆ ದಿನದ ಎರಡೂವರೆ ತಾಸು ನಾನು ಇರುವುದು ಅಲ್ಲೇ.

ಜುಲೈ ತಿಂಗಳ ಶನಿವಾರ, ಬೆಳಗಿನ ಏಳರ ಹೊತ್ತು. ನಮ್ಮ ಡಬ್ಬಿಯಲ್ಲಿ ಕಾರ್ಖಾನೆಗೆ ಹೊರಟ ಗಂಡಸರೇ ಹೆಚ್ಚು. ಪಿಂಪರಿಯಲ್ಲಿ ಅರ್ಧ ಜನ ಇಳಿದರು, ಚಿಂಚವಾಡ, ಆಕುರ್ಡಿಗಳಲ್ಲಿ ಉಳಿದವರು. ಪುಣೆ–ಲೋಣಾವಳಾ ನಡುವೆ ಲೋಕಲ್ ಓಡತೊಡಗಿದ್ದು 1978ರ ಮಾರ್ಚಿನಲ್ಲಿ. ಹಳಿ ಅದಕ್ಕಿಂತ ಬಹಳ ಹಳೆಯದು, 1858ರದು. ಈ ಹಳಿಯ ಪಕ್ಕದಲ್ಲೇ ಪಿಂಪರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಬಂತು, ಆಮೇಲೆ ಆಕುರ್ಡಿಯಲ್ಲಿ ಬಜಾಜ್ ಬಂತು. ಹೊಲಗಳಿದ್ದ ಊರು ಊರಲ್ಲದ ಊರಾಗಿ, ಕೊನೆಗೆ ಪಿಂಪರಿ–ಚಿಂಚವಾಡ ಎಂಬ ಮಹಾನಗರವೇ ಆಯಿತು. ಹಳ್ಳಿ ಬೇಕೆಂದರೆ ಅದನ್ನೂ ದಾಟಿ ಹೋಗಬೇಕು.

ನಾವಿರುವುದು ಕೋಥರೂಡಿನಲ್ಲಿ, ಎರಡು ಕೋಣೆಯ ಫ್ಲ್ಯಾಟಿನಲ್ಲಿ. ನನ್ನ ಕಚೇರಿ ಶಿವಾಜಿನಗರದಲ್ಲಿ. ವನಾಜ್‌ನಲ್ಲಿ ಮೆಟ್ರೊ ಹತ್ತಿ, ಸಿವಿಲ್ ಕೋರ್ಟಿನಲ್ಲಿ ಬದಲಿಸಿ ಹೋಗಿಬಿಡುತ್ತೇನೆ, ನನಗೆ ತ್ರಾಸಿಲ್ಲ. ತ್ರಾಸು ನಮ್ಮ ಮನೆಯವರದು. ಅವರದು ಹಿಂಜವಡಿಯ ಕಂಪನಿ. 2023ರ ಆಗಸ್ಟಿನಲ್ಲಿ ಚಾಂದಣಿ ಚೌಕದ ಹೊಸ ಸೇತುವೆ ಶುರುವಾದಾಗ ಕಷ್ಟ ಮುಗಿಯಿತೆಂದುಕೊಂಡೆವು. ಗದ್ದಲ ಅಲ್ಲಿಂದ ಎದ್ದು ವಾಕಡಕ್ಕೆ ಹೋಗಿ ಕೂತಿತು. ಟಾಮ್‌ಟಾಮ್ ಸಂಸ್ಥೆಯ 2024ರ ಪಟ್ಟಿಯಲ್ಲಿ ಪುಣೆಯಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 33 ನಿಮಿಷ ಎಂದಿತ್ತು. ಜಗತ್ತಿನ ಅತಿ ನಿಧಾನದ ನಗರಗಳಲ್ಲಿ ಆಗ ಬೆಂಗಳೂರಿನ ಬೆನ್ನಿಗೇ ಪುಣೆ ಇತ್ತು. ಇವರು ರಾತ್ರಿ ಒಂಬತ್ತಕ್ಕೆ ಮನೆಗೆ ಬಂದು ಶೂ ಬಿಚ್ಚದೆ ಕುರ್ಚಿಯಲ್ಲಿ ಸುಮ್ಮನೆ ಕೂರುವುದನ್ನು ನೋಡಿದರೆ ಆ ಅಂಕಿ ಬೇಕಾಗಿಲ್ಲ. ಅತ್ತೆಯವರು ಧಾರವಾಡದ ಹಿತ್ತಿಲು ಬಿಟ್ಟು ಬಂದವರು. ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಎಂಟು ಕುಂಡಗಳಲ್ಲಿ ಮೆಣಸಿನಗಿಡ ಬೆಳೆಸುತ್ತಾರೆ. ಮಗಳು ಎಂಟನೇ ತರಗತಿ. ಆಟ ಎಂದರೆ ಅವಳಿಗೆ ಪಾರ್ಕಿಂಗ್‌ನಲ್ಲಿ ಕಾರುಗಳ ನಡುವೆ ಬ್ಯಾಡ್ಮಿಂಟನ್.

ದೇಹೂರೋಡ್ ಬಂತು. ತುಕಾರಾಮರ ದೇಹು ಇಲ್ಲಿಂದ ಒಳಗೆ. ಅಂಬೇಡ್ಕರರು 1954ರ ಡಿಸೆಂಬರ್ 25ರಂದು ಬುದ್ಧನ ಮೂರ್ತಿ ಸ್ಥಾಪಿಸಿದ್ದೂ ಇದೇ ದೇಹೂರೋಡಿನಲ್ಲಿ. ಇಲ್ಲಿಗೆ ಕಟ್ಟಡಗಳು ತೆಳುವಾಗುತ್ತವೆ. ಬೇಗಡೇವಾಡಿ, ಘೋರಾವಾಡಿ, ತಳೇಗಾವ್. ತಳೇಗಾವಿನಿಂದ ಮುಂದೆ ಮಳೆಯ ದನಿಯೇ ಬೇರೆ. ಪುಣೆಯಲ್ಲಿ ಹನಿಯುತ್ತಿದ್ದದ್ದು ಇಲ್ಲಿ ತಗಡಿನ ಮೇಲೆ ಬಡಿಯುತ್ತದೆ. ಪುಣೆಗೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ; ಅರವತ್ತು ಚಿಲ್ಲರೆ ಕಿಲೋಮೀಟರ್ ಆಚೆಯ ಲೋಣಾವಳಾಕ್ಕೆ 4000 ದಾಟುತ್ತದೆ. ಧಾರವಾಡದಿಂದ ಅಳ್ನಾವರ, ಲೋಂಡಾ ಕಡೆ ರೈಲಿನಲ್ಲಿ ಹೋದವರಿಗೆ ಇದು ಗೊತ್ತಿರುವ ಅನುಭವ. ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಹಸಿರು ದಟ್ಟವಾಗುತ್ತದೆ, ಹೆಂಚಿನ ಇಳಿಜಾರು ಹೆಚ್ಚುತ್ತದೆ, ಕಿಟಕಿಯಿಂದ ಬರುವ ಗಾಳಿಗೆ ಕೊಳೆತ ಎಲೆಯ ವಾಸನೆ ಕೂಡುತ್ತದೆ. ಇವರ ಮುಖ ಆಗಲೇ ಸಡಿಲವಾಗಿದೆ. ಹೊರಡುವಾಗ ಅತ್ತೆ ಹೇಳಿದ ಮಾತು ನನ್ನ ಕಿವಿಯಲ್ಲಿದೆ: “ಹೊಲಾ ನೋಡಾಕ ಮಳಿಗಾಲದಾಗ ಹೋಗಬಾರದವಾ. ಮಳಿಗಾಲದಾಗ ಎಲ್ಲಾ ಹೊಲಾನೂ ಚಂದನ ಕಾಣ್ತಾವ.”

ಕಾಮಶೇತದ ಪ್ಲಾಟ್‌ಫಾರ್ಮಿನಲ್ಲಿ ಇಳಿದಾಗ ಎದುರಿನ ಗುಡ್ಡಗಳ ನೆತ್ತಿ ಕಾಣುವುದಿಲ್ಲ, ಮೋಡ ಅರ್ಧಕ್ಕೆ ಇಳಿದಿದೆ. ಏಜೆಂಟ್ ಹೊರಗೆ ಜೀಪಿನಲ್ಲಿ ಕಾಯುತ್ತಿದ್ದಾನೆ. ಸ್ಟೇಷನ್ ಹೊರಗಿನ ಪೇಟೆ ಬೀದಿ, ವಡಾ ಕರಿಯುವ ಎಣ್ಣೆಯ ಹೊಗೆ, ಗೊಬ್ಬರದ ಅಂಗಡಿ, ಪ್ಲಾಸ್ಟಿಕ್ ಗೊಪ್ಪೆ ಹೊದ್ದ ಹೆಂಗಸರು. ಜೀಪು ಹಳಿ ದಾಟಿ ನಾಣೆ ಮಾವಳದ ರಸ್ತೆ ಹಿಡಿಯುತ್ತದೆ. ಮಾವಳ ತಾಲ್ಲೂಕಿನ ಮೂರು ಕಣಿವೆಗಳಿಗೆ ಮೂರು ಹೆಸರು: ಆಂದರ ಮಾವಳ, ನಾಣೆ ಮಾವಳ, ಪವನ ಮಾವಳ. ಶಿವಾಜಿಯ ಸೈನಿಕರಾದ ಮಾವಳೆಯರು ಇಂಥ ಕಣಿವೆಗಳವರು. ಈಗ ಈ ಕಣಿವೆಯ ತಿರುವು ತಿರುವಿಗೂ ಬೋರ್ಡುಗಳು: ಎನ್‌ಎ ಪ್ಲಾಟ್, ಲೇಕ್ ವ್ಯೂ, ಫಾರ್ಮ್‌ಹೌಸ್, ಸುಲಭ ಕಂತು.

ನಾವು ನೋಡಬೇಕಾದ ಜಾಗ ಗುಡ್ಡದ ಬುಡದಲ್ಲಿ. ಕಬ್ಬಿಣದ ಗೇಟು, ಗೇಟಿನಿಂದ ಒಳಗೆ ಕೆಂಪು ಮುರಮಿನ ರಸ್ತೆ, ಎರಡೂ ಕಡೆ ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟಿದ್ದಾರೆ. ಹನ್ನೊಂದು ಗುಂಠೆಯ ತುಂಡು. ಇಲ್ಲಿ ಮಾತೆಲ್ಲ ಗುಂಠೆಯಲ್ಲಿ. ನಲವತ್ತು ಗುಂಠೆಗೆ ಒಂದು ಎಕರೆ, ನಮ್ಮ ಕಡೆಯ ಹಾಗೆಯೇ. ನಿಂತು ನೋಡಿದರೆ ಎದೆ ಹಿಡಿಯುವಷ್ಟು ಚೆಲುವು. ಎದುರು ಗುಡ್ಡದಿಂದ ನಾಲ್ಕೈದು ಕಡೆ ಬಿಳಿ ಝರಿ ಇಳಿಯುತ್ತಿದೆ. ಕೆಳಗೆ ಭತ್ತದ ಮಡಿಗಳಲ್ಲಿ ನಾಟಿ ನಡೆದಿದೆ. ಇವರು ಕೈಯೆತ್ತಿ, ಮನೆ ಇಲ್ಲಿ, ಅಮ್ಮನ ತರಕಾರಿ ಅಲ್ಲಿ, ಜಗುಲಿ ಈ ಕಡೆ ಮುಖ ಮಾಡಿ ಎನ್ನುತ್ತಾರೆ. ಎಷ್ಟೋ ತಿಂಗಳ ಮೇಲೆ ಅವರ ದನಿಯಲ್ಲಿ ಉತ್ಸಾಹ ಕೇಳುತ್ತಿದ್ದೇನೆ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಆದರೂ ಕಾಗದ ಕೇಳುತ್ತೇನೆ. ಏಜೆಂಟ್ ಜೀಪಿನ ಬಾನೆಟ್ ಮೇಲೆ ಪ್ಲಾಸ್ಟಿಕ್ ಚೀಲ ಬಿಚ್ಚಿ ಸಾತ್‌ಬಾರಾ ಉತಾರೆ ಹರಡುತ್ತಾನೆ. ಮಹಾರಾಷ್ಟ್ರದ ಹೊಲದ ಜಾತಕ ಇದು. ಏಳನೇ ನಮೂನೆಯಲ್ಲಿ ಯಾರ ಹೊಲ, ಹನ್ನೆರಡನೇ ನಮೂನೆಯಲ್ಲಿ ಏನು ಬೆಳೆ. ನಮ್ಮ ಪಹಣಿ ಓದಿ ಅಭ್ಯಾಸವಿದ್ದವರಿಗೆ ಕಷ್ಟವಿಲ್ಲ, ಪೋಟಖರಾಬ ಎಂದರೆ ನಮ್ಮ ಖರಾಬು. ಕೊಡೆಯ ಕೆಳಗೆ ಬೆರಳಿಟ್ಟು ಓದುತ್ತೇನೆ. ಹಿಡುವಳಿದಾರರ ಅಂಕಣದಲ್ಲಿ ಒಂದೇ ಅಡ್ಡಹೆಸರಿನ ಒಂಬತ್ತು ಹೆಸರುಗಳು. ಅಣ್ಣತಮ್ಮಂದಿರು, ಅವರ ಮಕ್ಕಳು, ಮದುವೆಯಾಗಿ ಬೇರೆ ಊರಿಗೆ ಹೋದ ಮೂವರು ಹೆಣ್ಣುಮಕ್ಕಳು. ಪ್ರತಿ ಹೆಸರಿನ ಪಕ್ಕ ಫೇರಫಾರಿನ, ಅಂದರೆ ಹಕ್ಕು ಬದಲಾವಣೆಯ, ನಂಬರು. ಪಕ್ಕದ ಅಂಕಣದಲ್ಲಿ, ಇತರ ಅಧಿಕಾರ ಎಂದಿರುವಲ್ಲಿ, ಸಹಕಾರಿ ಸಂಘದ ಸಾಲದ ಬೋಜಾ. ಅದರ ಕೆಳಗೆ ಬಾವಿಯಲ್ಲಿ ಮೂರನೇ ಒಂದು ಪಾಲು ಇನ್ನೊಂದು ಸರ್ವೆ ನಂಬರಿನವರಿಗೆ. ಹನ್ನೆರಡನೇ ನಮೂನೆಯಲ್ಲಿ ಒಂದೇ ಮಾತು: ಭಾತ. ಭತ್ತ.

ಒಂಬತ್ತು ಜನರೂ ಸಹಿ ಹಾಕುತ್ತಾರಾ? ಏಜೆಂಟ್, ಏಳು ಜನ ಒಪ್ಪಿದ್ದಾರೆ, ಇಬ್ಬರದು ಆಗುತ್ತದೆ ಎನ್ನುತ್ತಾನೆ. ನಾವು ಇಲ್ಲಿ ರೈತರಲ್ಲವಲ್ಲ? ಆಗುತ್ತದೆ. 1948ರ ಗೇಣಿ ಕಾಯ್ದೆಯ 63ನೇ ಕಲಮಿನ ಪ್ರಕಾರ ಮಹಾರಾಷ್ಟ್ರದಲ್ಲಿ ರೈತನಲ್ಲದವನು ಪರವಾನಗಿ ಇಲ್ಲದೆ ಸಾಗುವಳಿ ಜಮೀನು ಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ ಇಂಥ ತಡೆಯಾಗಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದರು. ಇಲ್ಲಿ ತಡೆ ನಿಂತಿದೆ. ಇವರ ತಂದೆಯ ಹೆಸರಿನ ಧಾರವಾಡದ ಪಹಣಿ ತಂದರೆ ಸಾಕು, ಉಳಿದದ್ದು ನಾನು ಮಾಡಿಸುತ್ತೇನೆ ಎಂದು ಏಜೆಂಟ್ ಭರವಸೆ ಕೊಡುತ್ತಾನೆ. ಆ “ಮಾಡಿಸುತ್ತೇನೆ” ಎಂಬ ಮಾತನ್ನು ನಂಬಿ ಆಯುಷ್ಯದ ಗಳಿಕೆ ಇಡಲಾಗದು. ಹೊಲವನ್ನು ಸಣ್ಣ ಸಣ್ಣ ತುಂಡು ಮಾಡಿ ಮಾರುವುದನ್ನು ತಡೆಯಲು 1947ರ ಕಾಯ್ದೆಯೇ ಇದೆ. ಅದಕ್ಕೆ ಈಚೆಗೆ ಸಡಿಲಿಕೆಗಳೂ ಬಂದಿವೆ. ಯಾವ ಹಳ್ಳಿಗೆ ಯಾವುದು ಸಲ್ಲುತ್ತದೆ ಎಂಬುದನ್ನು ತಾಲ್ಲೂಕಿನ ಮುಖ್ಯ ಊರಾದ ವಡಗಾವಿನ ತಹಶೀಲ ಕಚೇರಿಯಲ್ಲಿ, ನಮ್ಮದೇ ವಕೀಲರನ್ನು ಕರೆದುಕೊಂಡು ಹೋಗಿ ಕೇಳಬೇಕು. ಮಾರುವವನ ವಕೀಲರನ್ನಲ್ಲ.

ಮಳೆ ಸ್ವಲ್ಪ ನಿಲ್ಲುತ್ತದೆ. ನಾನು ಪ್ಲಾಟಿನ ಹಿಂಬದಿಗೆ ನಡೆಯುತ್ತೇನೆ. ಅಲ್ಲಿ ಗುಡ್ಡವನ್ನು ಜೆಸಿಬಿಯಿಂದ ನೆಟ್ಟಗೆ ಕಡಿದಿದ್ದಾರೆ. ಆಳೆತ್ತರದ ಕೆಂಪು ಗೋಡೆ, ಅದರ ಮೇಲೆ ಬೇರು ಜೋತುಬಿದ್ದ ಒಂದು ಕಾರೆಗಿಡ. ಗೋಡೆಯ ನಡುವಿನಿಂದ ನೀರು ಒಸರುತ್ತಿದೆ. ಬುಡದಲ್ಲಿ ನಿನ್ನೆಯೋ ಮೊನ್ನೆಯೋ ಕುಸಿದ ಹಸಿಮಣ್ಣಿನ ರಾಶಿ. ಕೈ ಹಾಕಿದರೆ ಬೆಣ್ಣೆಯಂತೆ ಬರುತ್ತದೆ. ಪುಣೆ ಜಿಲ್ಲೆಯವರು ಇಂಥ ಮಣ್ಣನ್ನು ನೋಡಿ ಮಾಳೀಣವನ್ನು ನೆನೆಯದೆ ಇರಲಾರರು. 2014ರ ಜುಲೈ 30ರ ಬೆಳಗ್ಗೆ ಆಂಬೇಗಾವ್ ತಾಲ್ಲೂಕಿನ ಆ ಹಳ್ಳಿಯ ಮೇಲೆ ಗುಡ್ಡ ಇಳಿಯಿತು. ನೂರೈವತ್ತರಷ್ಟು ಜನ ಸತ್ತರು. ಹಳ್ಳಿ ಕಾಣುತ್ತಿಲ್ಲ ಎಂಬ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದು ಆ ದಾರಿಯ ಎಸ್.ಟಿ. ಬಸ್ಸಿನ ಚಾಲಕ. ನಾನು ಇವರನ್ನು ಕರೆದು ಆ ಮಣ್ಣನ್ನು ತೋರಿಸುತ್ತೇನೆ. ಇವರು ಮಾತಾಡುವುದಿಲ್ಲ. ಗೋಡೆಯಿಂದ ಜಗುಲಿ ಎಂದು ಗುರುತಿಸಿದ ಜಾಗಕ್ಕೆ ಎಷ್ಟು ದೂರ ಎಂದು ಹೆಜ್ಜೆ ಹಾಕಿ ಅಳೆಯುತ್ತಾರೆ.

ಕೆಳಗಿನ ಮಡಿಯಲ್ಲಿ ನಾಟಿ ಮಾಡಿಸುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ಆಗಿನಿಂದ ನೋಡುತ್ತಿದ್ದರು. ಬದುವಿನ ಮೇಲೆ ಇಳಿದು ಹೋಗಿ ನಮಸ್ಕಾರ ಹೇಳುತ್ತೇವೆ. ಮೊಣಕಾಲುವರೆಗೆ ಕೆಸರು, ತಲೆಗೆ ಗಾಂಧಿ ಟೋಪಿ, ಅದರ ಮೇಲೆ ಪ್ಲಾಸ್ಟಿಕ್. ಯಾವ ಭತ್ತ ಎಂದರೆ ಒಂದೇ ಮಾತು: ಇಂದ್ರಾಯಣಿ. ಪುಣೆಯ ಮನೆಗಳಲ್ಲಿ ಮೆತ್ತಗೆ ಘಮಘಮ ಬೇಯುವ ಅದೇ ಅಕ್ಕಿ. ಹಳೆಯ ಆಂಬೆಮೊಹರಿಗೆ ಐಆರ್-8 ಕೂಡಿಸಿ ಈ ಭಾಗದ ಕೃಷಿ ವಿಜ್ಞಾನಿಗಳು ತೆಗೆದ ತಳಿ, 1987ರಲ್ಲಿ ಹೊರಬಂತು. ಆಂಬೆಮೊಹರಿನ ಪರಿಮಳ ಇದೆ, ಅದಕ್ಕಿಂತ ಹೆಚ್ಚು ಇಳುವರಿ ಇದೆ. ಇದಕ್ಕೆ ಈ ಮಣ್ಣು, ಈ ಮಳೆ ಬೇಕು ಎನ್ನುತ್ತಾ ಅವರು ಸಸಿಯ ಕಟ್ಟೊಂದನ್ನು ಹೆಂಗಸರ ಕಡೆ ಎಸೆಯುತ್ತಾರೆ. ಏಳು ಹೆಂಗಸರು ಬಗ್ಗಿದ ಬೆನ್ನಿನಲ್ಲಿ ಹಿಂದೆ ಹಿಂದೆ ಸರಿಯುತ್ತಾ ನೆಡುತ್ತಿದ್ದಾರೆ, ಬೆರಳು ಮುಳುಗಿದ್ದೂ ಎದ್ದದ್ದೂ ಕಾಣದಷ್ಟು ಚುರುಕು.

ನಾನು ಬಾವಿ ಕೇಳುತ್ತೇನೆ. ಅವರು ಕರೆದೊಯ್ಯುತ್ತಾರೆ. ಸಾತ್‌ಬಾರಾದಲ್ಲಿ ಓದಿದ, ಮೂರು ಪಾಲಿನ ಬಾವಿ ಅದೇ. ಕಲ್ಲು ಕಟ್ಟಿದ ದಡ, ನೀರು ಕೈಗೆ ಸಿಗುವಷ್ಟು ಮೇಲಿದೆ, ಮಳೆಹನಿ ಬಿದ್ದಲ್ಲೆಲ್ಲ ಉಂಗುರ. ಇಷ್ಟು ನೀರಿರುವಾಗ ಎಂದು ಇವರು ಮಾತು ಶುರುಮಾಡುವುದರೊಳಗೆ ಹಿರಿಯರು ಒಳಗೋಡೆಯ ಒಂದು ಕಪ್ಪು ಗೆರೆ ತೋರಿಸುತ್ತಾರೆ. ಅದರ ಕೆಳಗೆ ಗಟ್ಟಿ ಬಂಡೆ. ಸಹ್ಯಾದ್ರಿಯ ಈ ನೆಲ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾರಸ ಪದರ ಪದರವಾಗಿ ಹೆಪ್ಪುಗಟ್ಟಿದ್ದು. ನೀರು ನಿಲ್ಲುವುದು ಮೇಲಿನ ಶಿಥಿಲ ಮಣ್ಣಿನಲ್ಲಿ, ಬಂಡೆಯ ಬಿರುಕುಗಳಲ್ಲಿ ಮಾತ್ರ. ನಾಲ್ಕು ಸಾವಿರ ಮಿಲಿಮೀಟರ್ ಸುರಿದರೂ ಹಿಡಿದಿಟ್ಟುಕೊಳ್ಳುವ ಜಾಗ ಕಡಿಮೆ, ಇಳಿಜಾರಿನಲ್ಲಿ ಹರಿದು ಹೋಗುತ್ತದೆ. ಹೋಳಿಯ ಹೊತ್ತಿಗೆ ನೀರು ಗೆರೆಗೆ ಬರುತ್ತದೆ ಎನ್ನುತ್ತಾರೆ ಅವರು. ಮೇ ತಿಂಗಳಲ್ಲಿ ಹಗ್ಗ ಉದ್ದ ಬೇಕು. ಈ ಗೇಟಿನೊಳಗೆ ಮನೆಗಳು ಎದ್ದು, ಒಬ್ಬೊಬ್ಬರೂ ಮುನ್ನೂರು ಅಡಿಯ ಬೋರು ಕೊರೆಸಿದರೆ ಈ ಬಾವಿ ಏನಾಗುತ್ತದೆ ಎಂದು ಅವರು ನಮ್ಮನ್ನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ಅವರ ಮನೆಯ ಪಡಸಾಲೆಯಲ್ಲಿ ಚಹಾ. ಶುಂಠಿ, ಬೆಲ್ಲ. ಗೋಡೆಯ ಮೇಲೆ ಪಂಢರಪುರದ ವಿಠ್ಠಲ. ಊರು ಯಾವುದು ಎಂದು ಕೇಳಿ, ಧಾರವಾಡ ಎಂದ ಕೂಡಲೆ, ಹಾಂ, ಕಾನಡಿ ಎಂದು ನಗುತ್ತಾರೆ. ಇಲ್ಲಿಯ ವಾರಕರಿಗಳಿಗೆ ಅವರ ವಿಠ್ಠಲನೂ ಕಾನಡಿಯೇ. ಅದರಿಂದ ನಮಗೊಂದು ಸಲಿಗೆ ಸಿಗುತ್ತದೆ. ಮಾತು ನೀರಿನಿಂದ ನೀರಿಗೆ ಹೋಗಿ 2011ಕ್ಕೆ ಬಂದು ನಿಂತಿತು. ಪವನಾ ಅಣೆಕಟ್ಟಿನ ನೀರನ್ನು ಮುಚ್ಚಿದ ಕೊಳವೆಯಲ್ಲಿ ನೇರ ಪಿಂಪರಿ–ಚಿಂಚವಾಡಕ್ಕೆ ಒಯ್ಯುವ ಯೋಜನೆ. ನದಿಯಲ್ಲಿ ನೀರು ಹರಿಯದಿದ್ದರೆ ದಡದ ಹೊಲಗಳ ಗತಿಯೇನು ಎಂದು ಮಾವಳದ ರೈತರು ಆಗಸ್ಟ್ 9ರಂದು ಬಾವೂರಿನ ಹತ್ತಿರ ಎಕ್ಸ್‌ಪ್ರೆಸ್‌ವೇ ತಡೆದರು. ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು, ಅವರಲ್ಲಿ ಒಬ್ಬಾಕೆ ಹೆಂಗಸು. ಯೋಜನೆ ಹತ್ತು ವರ್ಷಕ್ಕೂ ಮೀರಿ ನಿಂತುಬಿಟ್ಟಿತು. ಹಿರಿಯರು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಬಾವೂರು ಇಲ್ಲಿಂದ ಹತ್ತಿರ, ಸತ್ತವರ ಮನೆಗೆ ನಾನು ಹೋಗಿದ್ದೆ ಎಂದಷ್ಟೇ ಹೇಳಿ ಕಪ್ಪು ಕೆಳಗಿಟ್ಟರು.

ಇದನ್ನು ಕೇಳಿದ ಮೇಲೆ ಜಗುಲಿ ಯಾವ ಕಡೆ ಮುಖ ಮಾಡಿರಬೇಕು ಎಂಬ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಪುಣೆಯ ಸುತ್ತಲಿನ ಬೆಟ್ಟದ ನೀರಿಗೆ ಇಂಥ ಇತಿಹಾಸ ಹಳೆಯದು. ಮುಳಶಿಯಲ್ಲಿ ಟಾಟಾ ಅಣೆಕಟ್ಟಿನ ವಿರುದ್ಧ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ಸತ್ಯಾಗ್ರಹ ಶುರುವಾದದ್ದು 1921ರಲ್ಲಿ. ನಗರಕ್ಕೆ ಬೇಕಾದದ್ದನ್ನು ನಗರ ತೆಗೆದುಕೊಂಡಿತು. ನಾವು ಹನ್ನೊಂದು ಗುಂಠೆಗೆ ಬೇಲಿ ಹಾಕಿ ಬೋರು ಕೊರೆಸಿದರೆ ಅದೇ ಕೆಲಸವನ್ನು ಸಣ್ಣದಾಗಿ ಮಾಡಿದಂತೆ. ಬರಿಯ ಕಾನೂನಿನ ಮಾತಾಗಿದ್ದರೆ ವಕೀಲರು ಬಗೆಹರಿಸಿಕೊಡಬಹುದಿತ್ತು. ಇದನ್ನು ಬಗೆಹರಿಸುವ ವಕೀಲರಿಲ್ಲ. ಭತ್ತ ಬೆಳೆಯುವ ಹೊಲ ಭತ್ತ ಬೆಳೆಯಲಿ.

ಹಾಗಾದರೆ ಬೇರೆ ಕಡೆ? ಕಾಮಶೇತದ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಅದನ್ನೇ ಮಾತಾಡುತ್ತೇವೆ. ಹಿಂದಕ್ಕೆ ಹೋಗುವ ಲೋಕಲಿಗೆ ಬಹಳ ಹೊತ್ತಿದೆ. ಮಧ್ಯಾಹ್ನ ತಾಸುಗಟ್ಟಲೆ ಗಾಡಿ ಇಲ್ಲದಿರುವುದು ಇಲ್ಲಿನವರ ಹಳೆಯ ದೂರು, ಮೂರನೇ ನಾಲ್ಕನೇ ಹಳಿ ಅವರ ಹಳೆಯ ಬೇಡಿಕೆ. ಎಕ್ಸ್‌ಪ್ರೆಸ್ ಗಾಡಿಗಳು ಒಂದರ ಹಿಂದೊಂದು ನೀರು ಚಿಮ್ಮಿಸಿ ಹೋಗುತ್ತವೆ. ಇವರಿಗೆ ಸಾತಾರಾ ರಸ್ತೆಯ ಖೇಡ ಶಿವಾಪುರ ಮನಸ್ಸಿನಲ್ಲಿದೆ. ಕಾತ್ರಜ ಘಾಟಿನ ಆಚೆ, ಧಾರವಾಡಕ್ಕೆ ಹೊರಟರೆ ಪುಣೆಯ ಗದ್ದಲ ಹಾಯುವ ಕೆಲಸವಿಲ್ಲ, ನೇರ ಕೊಲ್ಹಾಪುರ, ಬೆಳಗಾವಿ. ಊರಿಗೆ ಹೋಗುವ ದಾರಿ ಹತ್ತಿರವಾಗುತ್ತದೆ ಎಂಬುದು ಪುಣೆಯ ಕನ್ನಡಿಗರಿಗೆ ಸಣ್ಣ ಮಾತಲ್ಲ. ಆದರೆ ಅಲ್ಲಿ ಲೋಕಲ್ ರೈಲು ಇಲ್ಲ, ದಿನಾ ಘಾಟು ಹತ್ತಿಳಿಯಬೇಕು. ಸಾಸವಡದ ಕಡೆ ಅಂಜೂರದ ತೋಟಗಳಿವೆ. ಪುರಂದರ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಕವೂ ಸಿಕ್ಕಿತು. ಆದರೆ ಅದೇ ಪುರಂದರ ತಾಲ್ಲೂಕಿನ ಏಳು ಹಳ್ಳಿಗಳ ಮೇಲೆ ವಿಮಾನ ನಿಲ್ದಾಣದ ಗೆರೆ ಬಿದ್ದಿದೆ.

ಸಿಂಹಗಡ ರಸ್ತೆಯ ಕೊನೆ? ನನ್ನ ಸಹೋದ್ಯೋಗಿಯೊಬ್ಬರು ಅಲ್ಲಿದ್ದಾರೆ. ನಗರ ದೊಡ್ಡದಾಗುತ್ತಾ 2017ರಲ್ಲಿ ಹನ್ನೊಂದು, 2021ರಲ್ಲಿ ಇಪ್ಪತ್ತಮೂರು ಹಳ್ಳಿಗಳು ಪುಣೆ ಮಹಾನಗರಪಾಲಿಕೆಗೆ ಸೇರಿದವು. ಕಾಗದದ ಮೇಲೆ ಅವು ನಗರ. ಅವುಗಳಲ್ಲಿ ಸಿಂಹಗಡ ರಸ್ತೆಯ ಕಡೆಯ ಕಿರಕಟವಾಡಿ, ನಾಂದೋಶಿ, ನಾಂದೇಡ ಗಾವ್‌ಗಳಲ್ಲಿ 2025ರ ಜನವರಿಯಲ್ಲಿ ಗೀಯಾನ್‌–ಬಾರೆ ಎಂಬ ನರರೋಗ ಹಬ್ಬಿತು. ಕೈಕಾಲು ಜೋಮು ಹಿಡಿದು ಶಕ್ತಿ ಹೋಗುವ ರೋಗ. ಪುಣೆಯ ಸುತ್ತ ಸುಮಾರು ಇನ್ನೂರು ಜನ ಬಿದ್ದರು. ಸಂಶಯ ಹೋದದ್ದು ಕುಡಿಯುವ ನೀರಿನ ಮೇಲೆ. ಆ ಭಾಗದ ಹಳ್ಳಿಗಳಿಗೆ ಶುದ್ಧೀಕರಣ ಘಟಕ ಇರಲಿಲ್ಲ, ಬಾವಿಯ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ ಬಿಡುತ್ತಿದ್ದರು. ಸಹೋದ್ಯೋಗಿ ಆ ತಿಂಗಳು ಬಾಟಲಿ ನೀರಿನಲ್ಲಿ ಅಕ್ಕಿ ತೊಳೆದ ಕಥೆ ಹೇಳಿದಾಗ ಅವರ ಕಣ್ಣಲ್ಲಿದ್ದ ಭಯ ನನಗೆ ನೆನಪಿದೆ. ಹಳ್ಳಿಯ ಬಾವಿ ಹಾಳಾಗಿ ನಗರದ ನಲ್ಲಿ ಇನ್ನೂ ಬಾರದ ಅಂಥ ಅಂಚಿನ ಊರುಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಇರುವುದೇ ಎಲ್ಲಕ್ಕಿಂತ ಕಷ್ಟ.

ಬೆಂಚಿನಿಂದ ಪಶ್ಚಿಮಕ್ಕೆ ನೋಡಿದರೆ ಮೋಡ ಸರಿದು ಗುಡ್ಡದ ಅಂಚು ಸ್ವಲ್ಪ ಕಾಣುತ್ತಿದೆ. ಮುಂದಿನ ಸ್ಟೇಷನ್ ಮಳವಲಿ, ಕಾರ್ಲಾ ಗುಹೆಗಳಿಗೆ ಇಳಿಯುವ ಜಾಗ. ಕಾರ್ಲಾದ ಚೈತ್ಯದ ಮುಂಭಾಗದಲ್ಲಿ ವೈಜಯಂತಿಯ ಶ್ರೇಷ್ಠಿ ಭೂತಪಾಲ ಈ ಶಿಲಾಗೃಹವನ್ನು ಪೂರ್ಣಗೊಳಿಸಿದನೆಂದು ಬ್ರಾಹ್ಮಿ ಅಕ್ಷರದಲ್ಲಿ ಕೊರೆದಿದೆ. ವೈಜಯಂತಿ ಎಂದರೆ ನಮ್ಮ ಬನವಾಸಿ. ಸುಮಾರು ಎರಡು ಸಾವಿರ ವರ್ಷದ ಹಿಂದೆ ನಮ್ಮ ಕಡೆಯ ವ್ಯಾಪಾರಿಯೊಬ್ಬ ಈ ಘಟ್ಟದ ಮೇಲೆ ನಿಂತು ಎಲ್ಲರಿಗೂ ತೆರೆದ ಒಂದು ಮಂದಿರಕ್ಕೆ ಹಣ ಕೊಟ್ಟ. ಹೊರಗಿನಿಂದ ಬಂದವರು ಬಂದ ನೆಲಕ್ಕೆ ಏನು ಕೊಡಬಹುದು ಎಂಬುದಕ್ಕೆ ಅದನ್ನು ನೆನೆಯುತ್ತೇನೆ.

ಗಾಡಿ ಬಂತು. ನೇರ ಪುಣೆಗೆ ಹೋಗದೆ ವಡಗಾವಿನಲ್ಲಿ ಇಳಿಯುತ್ತೇವೆ. ಮಾವಳ ತಾಲ್ಲೂಕಿನ ಮುಖ್ಯ ಊರು. 1779ರ ಜನವರಿಯಲ್ಲಿ ಮಹಾದಜಿ ಶಿಂದೆಯ ಎದುರು ಇಂಗ್ಲಿಷರು ಶರಣಾಗಿ ಒಪ್ಪಂದ ಬರೆದುಕೊಟ್ಟದ್ದು ಇಲ್ಲಿ. ನನಗೆ ಅದಕ್ಕಿಂತ ಮುಖ್ಯ, ಸ್ಟೇಷನ್ನಿನಿಂದ ಊರಿನ ಮೂಲ ವಸತಿಯಾದ ಹಳೆಯ ಗಾವಠಾಣಕ್ಕೆ ನಡೆದೇ ಹೋಗಬಹುದು ಎಂಬುದು. ನಡೆಯುತ್ತೇವೆ. ದಾರಿಯುದ್ದಕ್ಕೂ ದೀಪದ ಕಂಬ ಇದೆಯೇ, ಅಂಗಡಿಗಳು ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತವೆ, ರಾತ್ರಿ ಒಂಬತ್ತಕ್ಕೆ ಇಳಿದ ಹೆಂಗಸು ಒಬ್ಬಳೇ ಬರಬಹುದೇ ಎಂದು ನಾನು ನೋಡುತ್ತೇನೆ. ಕಿರಾಣಿ ಅಂಗಡಿಯಾಕೆಯನ್ನು ಕೇಳಿಯೇಬಿಡುತ್ತೇನೆ. ಅವಳ ಮಗಳೇ ದಿನಾ ಆ ಲೋಕಲಿನಿಂದ ಬರುತ್ತಾಳಂತೆ, ನಾಲ್ಕೈದು ಹುಡುಗಿಯರು ಕೂಡಿ ನಡೆಯುತ್ತಾರೆ. ಯಾವ ಮಾಹಿತಿ ಪುಸ್ತಕದಲ್ಲೂ ಇದು ಸಿಗುವುದಿಲ್ಲ.

ಗಾವಠಾಣದ ಒಂದು ಓಣಿಯಲ್ಲಿ ಹಳೆಯ ಮನೆ ಬಾಡಿಗೆಗಿದೆ. ಹೆಂಚು, ಎರಡು ಅಂಕಣ, ಹಿಂದೆ ಸಣ್ಣ ಹಿತ್ತಿಲು, ಅಲ್ಲೊಂದು ಕರಿಬೇವು, ಒಂದು ಪೇರಲ. ಮನೆಯೊಡತಿ ಎಪ್ಪತ್ತರ ಅಜ್ಜಿ, ಮಕ್ಕಳೆಲ್ಲ ಪುಣೆಯಲ್ಲಿ. ಅವರು ನಗರಕ್ಕೆ ಹೋದರು, ನೀವು ಇಲ್ಲಿಗೆ ಬರುತ್ತೀರಾ ಎಂದು ಆಶ್ಚರ್ಯದಿಂದ ಕೇಳುತ್ತಾರೆ. ನಾನು ಇಡೀ ಮನೆ ಸುತ್ತಿ ನೋಡುತ್ತೇನೆ. ಒಂದು ಗೋಡೆಗೆ ತೇವ ಹಿಡಿದಿದೆ. ನಲ್ಲಿಗೆ ನಗರ ಪಂಚಾಯತಿಯ ಕೊಳವೆ. ದಿನ ಬಿಟ್ಟು ದಿನ ನೀರು, ಬೇಸಿಗೆಯಲ್ಲೂ ನಿಂತಿಲ್ಲ ಎನ್ನುತ್ತಾರೆ ಅಜ್ಜಿ. ಪಕ್ಕದ ಮನೆಯವರನ್ನು ಬೇರೆಯಾಗಿ ಕೇಳಿದಾಗಲೂ ಅದೇ ಉತ್ತರ. ಅತ್ತೆಗೆ ಮೊಣಕಾಲು ನೋವು, ರಕ್ತದೊತ್ತಡ. ದೊಡ್ಡ ಆಸ್ಪತ್ರೆ ಬೇಕೆಂದರೆ ತಳೇಗಾವ್ ಒಂದೇ ಸ್ಟೇಷನ್ ದೂರ. ಇವರ ಹಿಂಜವಡಿಗೆ ವಾರದಲ್ಲಿ ಮೂರು ದಿನ ಹೆದ್ದಾರಿ ಹಿಡಿದು ಹೋಗಬೇಕು. ಕೋಥರೂಡಿನಿಂದ ಹೋಗುವುದಕ್ಕಿಂತ ಕೆಟ್ಟದೇನಲ್ಲ.

ಕಳೆದುಕೊಳ್ಳುವುದೂ ಇದೆ, ಅದನ್ನು ಮುಚ್ಚಿಡಲಾರೆ. ಮಗಳ ಶಾಲೆ, ಗೆಳತಿಯರು. ಕನ್ನಡ ಸಂಘದ ಸಂಜೆಗಳು, ಅಲ್ಲಿ ಅತ್ತೆಗೆ ಸಿಗುವ ನಾಲ್ಕು ಜನರ ಧಾರವಾಡದ ಮಾತು. ಡಿಸೆಂಬರಿನ ಸವಾಯಿ ಗಂಧರ್ವ ಮಹೋತ್ಸವ. ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಆ ಸಂಗೀತವನ್ನು ನಾವು ನಮ್ಮ ಮನೆಯ ಹಬ್ಬವೆಂದೇ ಹೋಗಿ ಕೂತು ಕೇಳಿದವರು. ಇನ್ನು ಮುಂದೆ ಕಡೆಯ ಗಾಯನ ಮುಗಿಯುವ ಮೊದಲೇ ಕೊನೆಯ ಲೋಕಲಿನ ಚಿಂತೆಯಲ್ಲಿ ಏಳಬೇಕಾಗುತ್ತದೆ. ಮೂರು ದಿನ ನೆಂಟರ ಮನೆಯಲ್ಲಿ ಉಳಿದು ಕೇಳುತ್ತೇವೆ ಎಂದು ಇವರು ಹೇಳುತ್ತಾರೆ. ನಾನು ಒಪ್ಪಿಕೊಂಡಿದ್ದೇನೆ, ಮನಸ್ಸಿಲ್ಲದೆ.

ವಾರಾಂತ್ಯದ ಜಾತ್ರೆಯೂ ಇದೆ. ಮಳೆಗಾಲದ ಶನಿವಾರ–ಭಾನುವಾರ ಪುಣೆ, ಮುಂಬೈಗಳು ಇಲ್ಲಿ ಬಂದು ಸುರಿಯುತ್ತವೆ. ತಳೇಗಾವಿನ ಹತ್ತಿರದ ಕುಂಡಮಳಾದಲ್ಲಿ ಇಂದ್ರಾಯಣಿಯ ಮೇಲಿದ್ದ ಹಳೆಯ ಕಬ್ಬಿಣದ ಸೇತುವೆ 2025ರ ಜೂನ್ 15ರ ಭಾನುವಾರ ಜನರ ಭಾರಕ್ಕೆ ಕುಸಿದು ನಾಲ್ವರು ಸತ್ತರು. ಊರವರು ದಾಟಲೆಂದು ಇದ್ದ ಸೇತುವೆ ಅದು. ಇಲ್ಲಿ ನೆಲೆಸಿದ ಮೇಲೆ ನಾವು ಆ ಗುಂಪಿನವರಲ್ಲ, ಆ ಸೇತುವೆ ಬೇಕಾದವರು.

ನಮ್ಮ ತೀರ್ಮಾನ ಹೀಗೆ. ದಸರೆ ಕಳೆದ ಮೇಲೆ ವಡಗಾವಿನ ಆ ಮನೆಗೆ ಹೋಗುತ್ತೇವೆ, ಬಾಡಿಗೆಗೆ. ಮಗಳ ಶಾಲೆ ಈ ವರ್ಷಕ್ಕೆ ಬದಲಿಸುವುದಿಲ್ಲ, ಪರೀಕ್ಷೆ ಮುಗಿಯುವವರೆಗೆ ಅವಳು ನನ್ನ ಜೊತೆಗೇ ಲೋಕಲಿನಲ್ಲಿ ಬರುತ್ತಾಳೆ. ಕೋಥರೂಡಿನ ಫ್ಲ್ಯಾಟನ್ನು ಮಾರುವುದಿಲ್ಲ. ಕಾಮಶೇತದ ಹೊಲವನ್ನು ಕೊಳ್ಳುವುದಿಲ್ಲ ಎಂದು ಏಜೆಂಟಿಗೆ ಹೇಳಿಯಾಗಿದೆ. ಕೊಂಡರೆ ಮುಂದೆ ಎಂದಾದರೂ ಗಾವಠಾಣದೊಳಗಿನ ಕಟ್ಟಿದ ಮನೆಯನ್ನೇ ಕೊಳ್ಳುತ್ತೇವೆ, ಅದೂ ಒಂದು ಮೇ ತಿಂಗಳು ಅಲ್ಲಿ ಕಳೆದ ಮೇಲೆ. ಪುಣೆ ಬಿಟ್ಟು ಹೊರಗೆ ಹೋಗಬೇಕೆಂದಿರುವ ಕನ್ನಡದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಬೇಸಿಗೆಯಲ್ಲಿ ಬಾವಿ ನೋಡದೆ, ರಾತ್ರಿಯ ಲೋಕಲಿನಲ್ಲಿ ಒಮ್ಮೆ ಬಂದು ಇಳಿಯದೆ, ಯಾರಿಗೂ ಮುಂಗಡ ಕೊಡಬೇಡಿ.